‘ನಿನ್ನಿಷ್ಟ’ ಎನ್ನುವವನ ಇಷ್ಟ

ನಮ್ಮ ಸಂಘದ ತಿಂಗಳ ಕಥಾಗೋಷ್ಠಿಯ ವರದಿಯನ್ನು ಕಳೆದ ಸಂಚಿಕೆಯಲ್ಲಿ ತಾವೆಲ್ಲ ಓದಿದ್ದೀರಿ. ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೆ 1927ರಲ್ಲಿ ಪ್ರಕಟಿಸಿದ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’ ಎಂಬ ಸಣ್ಣಕಥೆಯನ್ನು, ಅಂದರೆ ಬಿಳಿ ಆನೆಗಳಂಥ ಬೆಟ್ಟಗಳ ಕಥೆಯನ್ನು, ಸದಸ್ಯರೊಬ್ಬರು ಕನ್ನಡಕ್ಕೆ ತಂದು ಓದಿದರು; ಅನಂತರ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಕಷ್ಟದ ಸಂದರ್ಭವೊಂದನ್ನು ಪರಸ್ಪರ ಸಮಾಲೋಚನೆಯಿಂದ ಬಗೆಹರಿಸಿಕೊಂಡ ಜೋಡಿಯ ಕಥೆ ಇದೆಂದು ‘ಸಭೆ ಅಭಿಪ್ರಾಯಪಟ್ಟಿತು’ ಎಂದು ವರದಿ ಮುಗಿಯುತ್ತದೆ. ಸಭೆ ಹಾಗೇನೂ ಅಭಿಪ್ರಾಯಪಡಲಿಲ್ಲ. ಮುಂದಿನ ಎರಡು ಸಾಲಿನಲ್ಲಿ ಕೂತಿದ್ದ ಗಂಡಸರು ಅಭಿಪ್ರಾಯಪಟ್ಟರು. ಹಿಂದೆ ಕೂತಿದ್ದ ಹೆಂಗಸರಲ್ಲಿ ಅರ್ಧ ಮಂದಿ ಆ ಹೊತ್ತಿಗೆ ಉಪ್ಪಿಟ್ಟು, ಕಾಫಿಯ ವ್ಯವಸ್ಥೆಗೆಂದು ಎದ್ದುಹೋಗಿದ್ದರು. ಉಳಿದವರನ್ನು ಯಾರೂ ಕೇಳಲಿಲ್ಲ. ನಾನೂ ಮುಂದಿನ ಸಾಲಿನಲ್ಲೇ ಇದ್ದೆ, ತಲೆಯನ್ನೂ ಆಡಿಸಿದೆ. ಆಡಿಸಿದ ಆ ತಲೆಯನ್ನು ಹಿಂತೆಗೆದುಕೊಳ್ಳಲೆಂದೇ ಈ ಲೇಖನ.

ನಾನು ಸಾಹಿತ್ಯ ಓದಿದವನಲ್ಲ. ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಇಪ್ಪತ್ತೆರಡು ವರ್ಷದಿಂದ ಕಡತ ಹೊರಳಿಸುತ್ತಿರುವವನು. ಪ್ರತಿಮೆ, ಧ್ವನಿ, ವ್ಯಂಗ್ಯಾರ್ಥ ಎಂದೆಲ್ಲ ವಿದ್ವಾಂಸರು ಹೇಳುವಾಗ ಸುಮ್ಮನೆ ಕೇಳುತ್ತೇನೆ. ಆದರೆ ನನಗೆ ಎಣಿಸಲು ಬರುತ್ತದೆ. ಅಲ್ಲದೆ, ಒಂದು ಟಿಪ್ಪಣಿಯಲ್ಲಿ ಬರೆದದ್ದೇನು, ಬರೆಯದೆ ಬಿಟ್ಟದ್ದೇನು ಎಂದು ನೋಡುವುದೇ ನನ್ನ ಹೊಟ್ಟೆಪಾಡು. ಗೋಷ್ಠಿಯ ಮಾರನೆಯ ವಾರ ಕಥೆಯ ಇಂಗ್ಲಿಷ್ ಪ್ರತಿಯನ್ನು ಸಂಪಾದಿಸಿ, ಮೆಟ್ರೊದಲ್ಲಿ ಹೋಗುತ್ತ ಬರುತ್ತ ನಾಲ್ಕು ಸಲ ಓದಿದೆ. ಇರುವುದೇ ಕೆಲವು ಪುಟ. ಮೊದಲ ಸಲ ಏನೂ ನಡೆಯದ ಕಥೆಯೆಂದು ಬೇಸರವಾಯಿತು. ನಾಲ್ಕನೆಯ ಸಲ ನನ್ನ ನಿಲ್ದಾಣ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಗೋಷ್ಠಿಗೆ ಬಾರದಿದ್ದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಸ್ಪೇನ್ ದೇಶ, ಎಬ್ರೊ ನದಿಯ ಕಣಿವೆ. ಎರಡು ಸಾಲು ಹಳಿಗಳ ನಡುವೆ ಒಂದು ಜಂಕ್ಷನ್. ಉರಿ ಬಿಸಿಲು, ಆ ಬದಿಯಲ್ಲಿ ಒಂದು ಮರವಿಲ್ಲ. ಬಾರ್ಸಿಲೋನಾದಿಂದ ಬರುವ ಎಕ್ಸ್‌ಪ್ರೆಸ್ ಇನ್ನು 40 ನಿಮಿಷಕ್ಕೆ ಬಂದು, 2 ನಿಮಿಷ ನಿಂತು, ಮ್ಯಾಡ್ರಿಡ್ಡಿಗೆ ಹೋಗುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಓಡಾಡುವ ನಮಗೆ ಎರಡು ನಿಮಿಷದ ನಿಲುಗಡೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಾರಿನ ಹೊರಗೆ, ಕಟ್ಟಡದ ನೆರಳಿನಲ್ಲಿ ಒಬ್ಬ ಅಮೆರಿಕನ್ ಗಂಡಸು, ಅವನ ಜೊತೆ ಒಬ್ಬ ಹುಡುಗಿ. ಮದುವೆಯಾದವರೋ ಅಲ್ಲವೋ ಕಥೆ ಹೇಳುವುದಿಲ್ಲ. ಕುಡಿಯುತ್ತಾರೆ, ಮಾತಾಡುತ್ತಾರೆ. ಹುಡುಗಿ ಬಸುರಿ, ಗರ್ಭ ತೆಗೆಸಬೇಕೆಂದು ಅವನ ಅಪೇಕ್ಷೆ. ‘ಗರ್ಭಪಾತ’ ಎಂಬ ಶಬ್ದ ಮಾತ್ರ ಕಥೆಯಲ್ಲಿ ಎಲ್ಲಿಯೂ ಇಲ್ಲ. ಅದೊಂದು ಸುಲಭವಾದ ಚಿಕಿತ್ಸೆ ಎಂದಷ್ಟೇ ಅವನ ಮಾತು. ಕೊನೆಗೆ ರೈಲು ಬರುವ ಹೊತ್ತಾಗುತ್ತದೆ, ಅವನು ಚೀಲಗಳನ್ನು ಆಚೆ ಬದಿಯ ಹಳಿಯ ಹತ್ತಿರ ಇಟ್ಟು ಬರುತ್ತಾನೆ, ಅವಳು ತನಗೇನೂ ಆಗಿಲ್ಲವೆಂದು ಹೇಳಿ ನಗುತ್ತಾಳೆ. ಅಷ್ಟೇ ಕಥೆ.

ಗೋಷ್ಠಿಯಲ್ಲಿ ಹಿರಿಯರೊಬ್ಬರು ಎತ್ತಿದ ವಾದ ಇದು: ಆ ಗಂಡಸು ಸಭ್ಯ. ಒಮ್ಮೆಯೂ ದನಿ ಏರಿಸಲಿಲ್ಲ, ಬೈಯಲಿಲ್ಲ, ಕೈಮಾಡಲಿಲ್ಲ. ನಿನಗೆ ಬೇಡವಾದರೆ ಬೇಡ ಎಂದು ಮತ್ತೆ ಮತ್ತೆ ಹೇಳಿದ. ಇನ್ನೇನು ಮಾಡಬೇಕಿತ್ತು ಒಬ್ಬ ಗಂಡಸು? ಮೊಂಡುತನವಿದ್ದದ್ದು, ಚುಚ್ಚುಮಾತಿದ್ದದ್ದು ಆ ಹುಡುಗಿಯಲ್ಲಿ. ಹೀಗೆಂದಾಗ ಮುಂದಿನ ಸಾಲುಗಳಲ್ಲಿ ‘ಹೌದು ಹೌದು’ ಎಂಬ ಗುಜುಗುಜು ಎದ್ದಿತು.

ಎಣಿಸಿದ್ದೇನೆ, ಸ್ವಾಮಿ. ನಿನಗೆ ಬೇಡವಾದರೆ ಬೇಡ ಎಂಬ ಅರ್ಥದ ಮಾತನ್ನು ಅವನು ಐದಾರು ಸಲ ಆಡುತ್ತಾನೆ. ಆದರೆ ಅದರ ಹಿಂದೆಯೋ ಮುಂದೆಯೋ ಅದು ಬಹಳ ಸುಲಭ, ಅದೇ ಒಳ್ಳೆಯದು ಎಂಬ ಅರ್ಥದ ಮಾತು ಅಂಟಿಕೊಂಡೇ ಬರುತ್ತದೆ. ಬೇಡವಾದರೆ ಬೇಡ ಎಂದು ಮನಸ್ಸಿನಿಂದ ಹೇಳುವವನು ಒಂದು ಸಲ ಹೇಳಿ ಸುಮ್ಮನಾಗುತ್ತಾನೆ. ಐದು ಸಲ ಹೇಳುವವನು ಉತ್ತರಕ್ಕಾಗಿ ಕಾಯುತ್ತಿಲ್ಲ, ಬೇಕಾದ ಉತ್ತರಕ್ಕಾಗಿ ಕಾಯುತ್ತಿದ್ದಾನೆ.

ಇದು ಕಚೇರಿಯಲ್ಲಿ ದುಡಿದವರಿಗೆಲ್ಲ ಗೊತ್ತಿರುವ ಸಂಗತಿ. ಮೇಲಿನವರು ಕರೆದು, ‘ನನ್ನ ಒತ್ತಾಯ ಏನೂ ಇಲ್ಲ, ನಿಮಗೆ ಸರಿ ಕಂಡಂತೆ ಮಂಡಿಸಿ’ ಎನ್ನುತ್ತಾರೆ. ಸರಿ ಕಂಡಂತೆ ಮಂಡಿಸುತ್ತೇವೆ. ಕಡತ ‘ಚರ್ಚಿಸಿ’ ಎಂಬ ಒಂದೇ ಶಬ್ದ ಹೊತ್ತು ವಾಪಸು ಬರುತ್ತದೆ. ಚರ್ಚಿಸುತ್ತೇವೆ, ಮತ್ತದೇ ಮಾತು, ‘ನೀವೇ ನೋಡಿ’. ಮೂರನೆಯ ಸಲಕ್ಕೆ ಅವರಿಗೆ ಬೇಕಾದದ್ದನ್ನು ನಾವು ನಮ್ಮ ಕೈಯಾರೆ, ನಮ್ಮ ಸಹಿಯಲ್ಲಿ ಬರೆದುಕೊಡುತ್ತೇವೆ. ಅವರು ಕೆಳಗೆ ‘ಪ್ರಸ್ತಾವದಂತೆ’ ಎಂದು ಬರೆದು ರುಜು ಹಾಕುತ್ತಾರೆ. ನಾಳೆ ಆಡಿಟ್‌ನವರು ಬಂದು ಕೇಳಿದರೆ ಪ್ರಸ್ತಾವ ಯಾರದು? ನನ್ನದು. ಆಜ್ಞೆ ಮಾಡುವವನು ಕಡೇಪಕ್ಷ ಆಜ್ಞೆಯ ಹೊಣೆಯನ್ನಾದರೂ ಹೊರುತ್ತಾನೆ. ಇಲ್ಲಿ ಅದೂ ಇಲ್ಲ. ಆ ಅಮೆರಿಕನ್ನನಿಗೆ ಚಿಕಿತ್ಸೆ ಆದರೆ ಸಾಲದು. ಅದು ಅವಳ ಇಷ್ಟದಿಂದಲೇ ಆಯಿತು ಎಂದೂ ಆಗಬೇಕು. ಹುಡುಗಿ ಒಂದು ಹಂತದಲ್ಲಿ ತನ್ನ ಬಗ್ಗೆ ತನಗೇ ಲಕ್ಷ್ಯವಿಲ್ಲ, ಆದ್ದರಿಂದ ಮಾಡಿಸಿಕೊಳ್ಳುತ್ತೇನೆ ಎಂದುಬಿಡುತ್ತಾಳೆ. ಅವನಿಗೆ ಸಾಕಾಗುವುದಿಲ್ಲ! ಹಾಗೆ ಅನ್ನಿಸುವುದಾದರೆ ಬೇಡ ಎನ್ನುತ್ತಾನೆ. ಒಪ್ಪಿಗೆ ಸಿಕ್ಕಿದರೂ ಸಾಲದು, ಸಂತೋಷದ ಒಪ್ಪಿಗೆ ಬೇಕು. ಇದನ್ನು ಸಭ್ಯತೆ ಎನ್ನುವುದಾದರೆ ನನ್ನ ಆಕ್ಷೇಪಣೆ ಆ ಸಭ್ಯತೆಯ ಮೇಲೆಯೇ.

ಇನ್ನು ‘ಪರಸ್ಪರ’ ಎಂಬ ಶಬ್ದಕ್ಕೆ ಬರೋಣ. ಯಾರ ಬಳಿ ಏನಿತ್ತು? ಇಡೀ ಕಥೆಯಲ್ಲಿ ಅವನು ‘ಗಂಡಸು’ ಅಥವಾ ‘ಅಮೆರಿಕನ್’. ಅವಳು ಮೊದಲಿನಿಂದ ಕೊನೆಯವರೆಗೆ ‘ಹುಡುಗಿ’. ಅವಳ ಹೆಸರು ಜಿಗ್ ಎಂದು ನಮಗೆ ಗೊತ್ತಾಗುವುದೂ ಅವನ ಬಾಯಿಂದಲೇ. ಪಾನೀಯ ತರಿಸುವವನು ಅವನು. ರೈಲು ಎಷ್ಟು ಹೊತ್ತಿಗೆ ಎಂದು ತಿಳಿದವನು ಅವನು. ಭಾರವಾದ ಎರಡು ಚೀಲ ಎತ್ತುವವನು ಅವನು. ಎಲ್ಲಕ್ಕಿಂತ ಮುಖ್ಯವಾಗಿ, ಸ್ಪ್ಯಾನಿಷ್ ಭಾಷೆ ಬರುವುದು ಅವನಿಗೆ ಮಾತ್ರ. ಬಾರಿನ ಬಾಗಿಲಿಗೆ ನೇತುಹಾಕಿದ ಮಣಿಪರದೆಯ ಮೇಲೆ ಏನು ಬರೆದಿದೆ ಎಂದು ಅವಳು ಅವನನ್ನು ಕೇಳಬೇಕು. ಆ ಪಾನೀಯ ನೀರು ಬೆರೆಸಿದರೆ ಚೆನ್ನಾಗಿರುತ್ತದೆಯೇ ಎಂದು ಅವನನ್ನೇ ಕೇಳಬೇಕು. ರೈಲು 5 ನಿಮಿಷದಲ್ಲಿ ಬರುತ್ತದೆಂದು ಬಾರಿನ ಹೆಂಗಸು ಬಂದು ಹೇಳಿದಾಗ, ಆಕೆ ಏನೆಂದಳು ಎಂದೂ ಅವನನ್ನೇ ಕೇಳಬೇಕು. ಅವನಿಗೆ ಹೇಳಿದಷ್ಟು ಅವಳ ಜಗತ್ತು.

ಈ ಜಾಗಕ್ಕೆ ಬಂದಾಗಲೇ ನಾನು ಮೆಟ್ರೊ ನಿಲ್ದಾಣ ತಪ್ಪಿಸಿಕೊಂಡದ್ದು. ದೆಹಲಿಗೆ ಬಂದ ಮೊದಲ ಮೂರು ವರ್ಷ ನನ್ನ ಮನೆಯವಳಿಗೆ ಹಿಂದಿ ಬರುತ್ತಿರಲಿಲ್ಲ. ತರಕಾರಿ ಗಾಡಿಯವನ ಹತ್ತಿರ, ಗ್ಯಾಸಿನವನ ಹತ್ತಿರ, ಮಗನ ಶಾಲೆಯಲ್ಲಿ, ಎಲ್ಲ ಕಡೆ ದುಭಾಷಿ ನಾನೇ. ಅದರಲ್ಲಿ ನನಗೆ ಹೆಮ್ಮೆಯೂ ಇತ್ತು, ಸುಳ್ಳೇಕೆ. ಡಾಕ್ಟರ ಎದುರು ಕೂತು ಅವಳು ಎರಡು ನಿಮಿಷ ತನ್ನ ನೋವನ್ನು ವಿವರಿಸುತ್ತಿದ್ದಳು: ಎಲ್ಲಿ ಶುರುವಾಗುತ್ತದೆ, ಯಾವಾಗ ಹೆಚ್ಚು, ಊರಿನಲ್ಲಿದ್ದಾಗ ಹೀಗಿರಲಿಲ್ಲ ಎಂದು. ನಾನು ಡಾಕ್ಟರ ಕಡೆ ತಿರುಗಿ ‘ಪೇಟ್ ಮೇ ದರ್ದ್ ಹೈ’ ಎನ್ನುತ್ತಿದ್ದೆ. ನಾಲ್ಕು ಶಬ್ದ. ಉಳಿದದ್ದೆಲ್ಲ ನನ್ನ ತೀರ್ಮಾನದಂತೆ ಅನಾವಶ್ಯಕ. ಈ ಪತ್ರಿಕೆ ಓದುವ ಮನೆಗಳಲ್ಲಿ, ಅದು ಪುಣೆಯಿರಲಿ, ಚೆನ್ನೈ ಇರಲಿ, ಇಂಥ ದುಭಾಷಿಗಳು ನಾನೊಬ್ಬನೇ ಅಲ್ಲವೆಂದು ನಂಬಿದ್ದೇನೆ.

ಭಾಷೆಯ ಮಾತು ಬಂದದ್ದರಿಂದ ನಮ್ಮ ಅನುವಾದಕ ಮಿತ್ರರಿಗೊಂದು ಪ್ರಶ್ನೆ. ಇಂಗ್ಲಿಷಿನಲ್ಲಿ ‘ಯೂ’ ಒಂದೇ. ಅಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಒಂದೇ ಶಬ್ದದಿಂದ ಕರೆಯುತ್ತಾರೆ. ತಾವು ಓದಿದ ಕನ್ನಡದಲ್ಲಿ ಅವನು ಅವಳನ್ನು ‘ನೀನು’ ಎಂದ, ಅವಳು ಅವನನ್ನು ‘ನೀವು’ ಎಂದಳು. ಹಾಗೆ ಮಾಡೆಂದು ತಮಗೆ ಯಾರು ಹೇಳಿದರು? ಗೋಷ್ಠಿ ಮುಗಿದ ಮೇಲೆ ಕೇಳಿದೆ; ಗಮನಿಸಲೇ ಇಲ್ಲ, ತಾನಾಗಿ ಬಂದುಬಿಟ್ಟಿತು ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು. ಕೂತು ಕೇಳಿದ ನಮ್ಮಲ್ಲೂ ಒಬ್ಬರಿಗೂ ಕಿವಿಗೆ ಕುಟುಕಲಿಲ್ಲ. ಹೆಮಿಂಗ್ವೆ ಎಷ್ಟೋ ಕಷ್ಟಪಟ್ಟು ಮಾತಿನ ಕೆಳಗೆ ಹೂತಿಟ್ಟ ಅಸಮಾನತೆಯನ್ನು ನಾವು ಒಂದು ಸರ್ವನಾಮದಲ್ಲಿ ಬಯಲಿಗೆ ತಂದಿಟ್ಟೆವು, ಆದರೂ ನಮಗೆ ಅದು ಕಾಣಲಿಲ್ಲ! ಈಗಿನ ಹುಡುಗ ಹುಡುಗಿಯರ ಮನೆಗಳಲ್ಲಿ ಎರಡು ಕಡೆಯಿಂದಲೂ ‘ನೀನು’ ನಡೆಯುತ್ತದೆ. ಹಾಗೆ ಕರೆದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಆ ಅಮೆರಿಕನ್ ಜೋಡಿಯದೂ ಒಂದೇ ‘ಯೂ’ ತಾನೆ.

‘ಸುಲಭ’ದ ವಿಷಯ. ಬಿ.ಎಸ್ಸಿ. ಓದಿದ್ದಕ್ಕೆ ಇಷ್ಟಾದರೂ ಹೇಳಬೇಕು. ಕಥೆ ಅಚ್ಚಾದದ್ದು 1927ರಲ್ಲಿ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ. ಅದು ರೋಗಿಗಳಿಗೆ ಔಷಧವಾಗಿ ಒದಗಿದ್ದು 1940ರ ದಶಕದಲ್ಲಿ. ಒಳಗೆ ನಂಜಾದರೆ ಆ ಕಾಲದ ವೈದ್ಯರ ಬಳಿ ಹೇಳಿಕೊಳ್ಳುವಂಥ ಮದ್ದಿರಲಿಲ್ಲ. ಸಾಲದ್ದಕ್ಕೆ ಆಗಿನ ಸ್ಪೇನಿನಲ್ಲಿ ಅದು ಕಾನೂನಿಗೆ ವಿರುದ್ಧ. ಅಲ್ಲಿ ಕೆಲವು ಸಂದರ್ಭಗಳಿಗಾದರೂ ಅನುಮತಿಯ ಕಾನೂನು ನೆಲೆಯಾಗಿ ಬಂದದ್ದು 1985ರಲ್ಲಿ. ಅಂದರೆ ಕದ್ದುಮುಚ್ಚಿ, ಯಾರದೋ ಕೈಯಲ್ಲಿ, ಪರಊರಿನಲ್ಲಿ, ತನಗೆ ಬಾರದ ಭಾಷೆಯ ನಡುವೆ ಆಗಬೇಕಾದ ಕೆಲಸ. ಅದನ್ನು ‘ಸುಲಭ’ ಎನ್ನುವವನು ಯಾರು? ಆ ಮೇಜಿನ ಮೇಲೆ ಮಲಗಬೇಕಾಗಿಲ್ಲದವನು. ಒಳಗೆ ಸ್ವಲ್ಪ ಗಾಳಿ ಆಡಿಸುತ್ತಾರೆ ಅಷ್ಟೇ ಎಂಬ ಅರ್ಥದ ಮಾತನ್ನೂ ಆಡುತ್ತಾನೆ ಮಹಾಶಯ, ಬಚ್ಚಲಕೋಣೆಯ ಕಿಟಕಿ ತೆರೆದ ಹಾಗೆ.

ನನ್ನ ಮಾತನ್ನು ಯಾರೂ ಗರ್ಭಪಾತದ ವಿರುದ್ಧದ ಮಾತೆಂದು ಎಳೆದುಕೊಳ್ಳಬಾರದು. ನಮ್ಮ ದೇಶದ 1971ರ ಕಾಯಿದೆಯ ಪ್ರಕಾರ ಪ್ರಾಪ್ತವಯಸ್ಕಳಾದ ಹೆಂಗಸಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಒಳ್ಳೆಯ ಕಾಯಿದೆ. ಆದರೆ ಅದು ಕೇಳುವುದು ಸಹಿಯನ್ನು. ಆ ಸಹಿಯ ಹಿಂದೆ ರೈಲಿಗೆ ಕಾಯುವ 40 ನಿಮಿಷದಲ್ಲಿ ಏನೇನು ನಡೆಯಿತೆಂದು ಯಾವ ಕಾಯಿದೆಯೂ ಕೇಳಲಾರದು. ಹುಡುಗಿ ತೆಗೆಸುವುದೇ ಸರಿಯೋ ಇಟ್ಟುಕೊಳ್ಳುವುದೇ ಸರಿಯೋ ಎಂದು ಹೆಮಿಂಗ್ವೆಯೂ ಹೇಳುವುದಿಲ್ಲ. ನಾನಂತೂ ಹೇಳುವವನಲ್ಲ.

ಬೆಟ್ಟಗಳ ಬಗ್ಗೆ ಸ್ವಲ್ಪ. ಬಿಸಿಲಿನಲ್ಲಿ ಹೊಳೆಯುವ ಉದ್ದನೆಯ ಬೆಟ್ಟಗಳನ್ನು ನೋಡಿ ಹುಡುಗಿ ಅವು ಬಿಳಿ ಆನೆಗಳ ಹಾಗಿವೆ ಎನ್ನುತ್ತಾಳೆ. ಇಂಗ್ಲಿಷಿನಲ್ಲಿ ಬಿಳಿ ಆನೆ ಎಂದರೆ ಸಾಕಲೂ ಆಗದ, ಬಿಡಲೂ ಆಗದ ದಂಡದ ವಸ್ತು; ನಷ್ಟದಲ್ಲಿರುವ ಸರ್ಕಾರಿ ಉದ್ದಿಮೆಗಳಿಗೆ ನಮ್ಮ ಕನ್ನಡ ಪತ್ರಿಕೆಗಳೂ ಅದೇ ಹೆಸರು ಕೊಟ್ಟಿವೆ. ಗೋಷ್ಠಿಯಲ್ಲಿ ಇದನ್ನು ವಿವರಿಸಿ, ಬೇಡದ ಮಗುವೇ ಬಿಳಿ ಆನೆ ಎಂದು ತೀರ್ಪಿತ್ತರು. ಯಾರಿಗೆ ಬೇಡದ ಮಗು? ಬಿಳಿ ಆನೆ ಎಂದೊಡನೆ ನಮ್ಮ ಅಜ್ಜಿಯಂದಿರಿಗೆ ನೆನಪಾಗುತ್ತಿದ್ದುದು ಐರಾವತ. ಬುದ್ಧನು ಗರ್ಭದಲ್ಲಿ ನಿಂತ ರಾತ್ರಿ ತಾಯಿ ಮಾಯಾದೇವಿ ಕನಸಿನಲ್ಲಿ ಕಂಡದ್ದು ಬಿಳಿ ಆನೆಯನ್ನು. ಹೆಮಿಂಗ್ವೆಯ ತಲೆಯಲ್ಲಿ ಇದಿತ್ತೆಂದು ನಾನು ವಾದಿಸುವುದಿಲ್ಲ. ಆದರೆ ಅದೇ ಬೆಟ್ಟವನ್ನು ನೋಡಿ ಒಬ್ಬಳಿಗೆ ಆನೆ ಕಂಡಿತು. ಇನ್ನೊಬ್ಬನು ತಾನು ಅಂಥದನ್ನು ನೋಡಿಲ್ಲವೆಂದ. ನೋಡಿರಲಾರೆ ಎಂದು ಅವಳೆಂದಾಗ, ನೋಡಿಲ್ಲವೆಂಬುದಕ್ಕೆ ನಿನ್ನ ಮಾತೇ ಪುರಾವೆಯೇ ಎಂದು ತಿರುಗಿಬಿದ್ದ. ಅವಳು ಆನೆಯ ಮಾತಾಡಿದರೆ ಅವನಿಗೆ ಬೇಕಾದದ್ದು ಪುರಾವೆ.

ಎಂದಮಾತ್ರಕ್ಕೆ ಆ ಹುಡುಗಿ ಬರೀ ಅಳುಬುರುಕಿಯಲ್ಲ. ಈ ಚಿಕಿತ್ಸೆ ಮಾಡಿಸಿಕೊಂಡವರನ್ನು ಬಹಳ ಮಂದಿಯನ್ನು ಬಲ್ಲೆ ಎಂದು ಅವನೆಂದಾಗ, ತಾನೂ ಬಲ್ಲೆ, ಆಮೇಲೆ ಅವರೆಲ್ಲ ಎಷ್ಟು ಸುಖವಾಗಿದ್ದರು ಎಂದು ಅವಳು ಕೊಡುವ ಏಟು ಸಣ್ಣದಲ್ಲ. ಎದ್ದು ನಿಲ್ದಾಣದ ತುದಿಯವರೆಗೆ ನಡೆದುಹೋಗುತ್ತಾಳೆ. ಆಚೆ ಬದಿಯಲ್ಲಿ ಪೈರಿನ ಹೊಲ, ನದಿಯ ದಡದ ಮರಗಳು, ಹೊಲದ ಮೇಲೆ ಹಾದುಹೋಗುವ ಮೋಡದ ನೆರಳು. ಇದೆಲ್ಲ ನಮ್ಮದಾಗಬಹುದಿತ್ತು ಎಂದು ಅವಳಿಗೆ ಅನ್ನಿಸುತ್ತದೆ. ಅವನು ಕರೆಯುವುದು ನೆರಳಿಗೆ ಬಾ ಎಂದು. ಕೊನೆಗೆ ಮಾತು ನಿಲ್ಲಿಸು ಎಂದು ಬೇಡುವಾಗ ‘ಪ್ಲೀಸ್’ ಎಂಬ ಶಬ್ದವನ್ನು ಅವಳು ಒಂದರ ಹಿಂದೊಂದು 7 ಸಲ ಹೇಳುತ್ತಾಳೆ. ನಮ್ಮ ಅನುವಾದದಲ್ಲಿ ಅದು ಎರಡು ಸಲ ‘ದಯವಿಟ್ಟು’ ಆಗಿತ್ತು. ಕೇಳಲು ಹಿತವಾಗಿರಲೆಂದು ಮಿತ್ರರು ಐದನ್ನು ಕಡಿತಗೊಳಿಸಿದರು. ಆ ಐದರಲ್ಲೇ ಕಥೆಯಿತ್ತು. ಇಬ್ಬರ ನಡುವೆ ಜಗಳವೇ ಆಗಲಿಲ್ಲ ಎಂದು ಹೇಳಿದವರು ಇದನ್ನು ದಯವಿಟ್ಟು ಏಳು ಸಲ ಗಟ್ಟಿಯಾಗಿ ಹೇಳಿ ನೋಡಲಿ.

ಕೆಲವು ವಿಮರ್ಶಕರು, ಕೊನೆಯಲ್ಲಿ ಅವನು ಚೀಲಗಳನ್ನು ಆಚೆ ಬದಿಗೆ ಒಯ್ದದ್ದರಿಂದ ಅವನೇ ಮಣಿದ, ಮಗು ಉಳಿಯಿತು ಎಂದು ಓದುತ್ತಾರೆ. ಇರಬಹುದು. ಆಗಲೂ ಚೀಲ ಯಾರ ಕೈಯಲ್ಲಿತ್ತು? ಮತ್ತೊಂದು ಆಕ್ಷೇಪಣೆ, ಕನ್ನಡ ಸಂಘಕ್ಕೆ ಪರದೇಶದ ಕಥೆ ಯಾಕೆ, ನಮ್ಮ ತ್ರಿವೇಣಿ ಇಲ್ಲವೆ, ವೈದೇಹಿ ಇಲ್ಲವೆ ಎಂದು. ಧಾರಾಳವಾಗಿ ಇದ್ದಾರೆ. ಅವರನ್ನು ಓದಿದ ಗೋಷ್ಠಿಯಲ್ಲೂ ಮುಂದಿನ ಎರಡು ಸಾಲೇ ಮಾತಾಡಿದ್ದನ್ನು ನಾನು ಮರೆತಿಲ್ಲ. ತನ್ನ ಬರವಣಿಗೆ ಎಂಟರಲ್ಲಿ ಒಂದು ಭಾಗ ಮಾತ್ರ ನೀರಿನ ಮೇಲಿರುವ ಮಂಜುಗಡ್ಡೆಯ ಹಾಗೆ ಎಂಬರ್ಥದಲ್ಲಿ ಹೆಮಿಂಗ್ವೆ 1932ರಲ್ಲಿ ಬರೆದ. ಉಳಿದ ಏಳು ಭಾಗ ನಮಗೆ ಕಾಣಲಿಲ್ಲ ಎಂದರೆ ಒಪ್ಪಬಹುದು. ಕಂಡರೆ ಮನೆಗೆ ಹೋಗಿ ಮುಖ ತೋರಿಸುವುದು ಕಷ್ಟವಾದೀತು ಎಂದು ಕಣ್ಣು ಬೇರೆಡೆ ತಿರುಗಿಸಿದರೆ ಅದು ಬೇರೆ ಮಾತು.

ನನ್ನ ಮುಖದ ವಿಷಯ ಹೇಳಿಬಿಡುತ್ತೇನೆ. 2011ರಲ್ಲಿ ನನಗೆ ಬಡ್ತಿಯ ಜೊತೆಗೆ ದೆಹಲಿಗೆ ವರ್ಗವಾಯಿತು. ಮನೆಯವಳು ಆಗ ನಮ್ಮ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ಅಲ್ಲಿ ಸೇರಿ ಏಳು ವರ್ಷವಾಗಿತ್ತು. ನಾಲ್ಕು ರಾತ್ರಿ ಊಟವಾದ ಮೇಲೆ ನಾನು ಅವಳಿಗೆ ಹೇಳಿದೆ: ‘ನಿನಗೆ ಇಷ್ಟವಿಲ್ಲದಿದ್ದರೆ ಹೇಳಿಬಿಡು, ಪ್ರಮೋಷನ್ ಬೇಡವೆಂದು ಬರೆದುಕೊಡುತ್ತೇನೆ. ಇಡೀ ಸರ್ವೀಸು ಇದೇ ಕುರ್ಚಿಯಲ್ಲಿ ಕಳೆದರಾಯಿತು. ನನ್ನ ಒತ್ತಾಯವೇನಿಲ್ಲ, ನಿನ್ನಿಷ್ಟ.’ ಹೇಳದೆ ಬಿಟ್ಟದ್ದೇನು? ನಿಯಮದ ಪ್ರಕಾರ, ಬಡ್ತಿ ನಿರಾಕರಿಸಿ ಆ ಕಾರಣವನ್ನು ಮೇಲಿನವರು ಒಪ್ಪಿದರೆ ಒಂದು ವರ್ಷ ಮತ್ತೆ ಬಡ್ತಿ ಕೊಡುವುದಿಲ್ಲ. ಆ ಮಧ್ಯೆ ಮೇಲೇರಿದ ಕಿರಿಯರ ಎದುರು ಜ್ಯೇಷ್ಠತೆ ಹೋಗುತ್ತದೆ. ಇಡೀ ಸರ್ವೀಸು ಅಲ್ಲ, ಒಂದು ವರ್ಷ. ಸಿಬ್ಬಂದಿ ಶಾಖೆಯಲ್ಲಿ ಕೂತವನು ನಾನು. ನಿಯಮ ನನಗೆ ಕಂಠಪಾಠ. ಐದನೆಯ ರಾತ್ರಿ ಅವಳು, ‘ಸರಿ, ಹೋಗೋಣ ಬಿಡಿ’ ಎಂದಳು. ರಾಜೀನಾಮೆಯ ಪತ್ರದ ಕರಡನ್ನು ನಾನೇ ಮಾಡಿಕೊಟ್ಟೆ, ಭಾಷೆ ತಪ್ಪಾಗಬಾರದಲ್ಲ. ಅಂದಿನಿಂದ ನೆಂಟರಿಷ್ಟರಲ್ಲಿ ಯಾರೇ ಕೇಳಿದರೂ ನನ್ನದು ಒಂದೇ ಉತ್ತರ: ‘ನಾನೇನೂ ಹೇಳಲಿಲ್ಲ, ಅವಳೇ ತೀರ್ಮಾನ ಮಾಡಿದಳು.’

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮೊದಲು ಅವಳ ಕೈಗೆ ಕೊಟ್ಟೆ. ಒಂದು ವರ್ಷದ ನಿಯಮ ಅವಳಿಗೆ ತಿಳಿದದ್ದು ಆಗಲೇ. ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದಳು. ಶಾಲೆಯ ವಿಷಯ ಅಚ್ಚಾಗಬಹುದೇ, ಬೇಡವೇ ಎಂದು ಕೇಳಿದೆ. ‘ನಿಮ್ಮಿಷ್ಟ’ ಎಂದು ಹಾಳೆಗಳನ್ನು ಟೇಬಲ್ಲಿನ ಮೇಲಿಟ್ಟು ಒಳಗೆ ಹೋದಳು. ಎರಡು ದಿನ ಲೇಖನ ಅಲ್ಲೇ ಬಿದ್ದಿತ್ತು. ನಾನೂ ಮತ್ತೆ ಕೇಳಲಿಲ್ಲ. ಮೂರನೆಯ ದಿನ ಸಂಜೆ ಒಗೆದ ಬಟ್ಟೆ ಮಡಿಸುತ್ತ, ತಲೆಯೆತ್ತದೆ, ‘ಆರು ವರ್ಷ ಅಂತ ಬರೆದಿದ್ದೀರಿ. ಆರಲ್ಲ, ಏಳು. ಸರಿಮಾಡಿ ಕಳಿಸಿ’ ಎಂದಳು. ಸರಿಮಾಡಿದ್ದೇನೆ.